ವಿಂಚ್‌ಗಿಂತ ಮೊದಲು ಗೇಜ್

ರಸ್ತೆಯಿಲ್ಲದ ಕಡೆ ಗಾಡಿ ಓಡಿಸೋ ಆಫ್‌ರೋಡ್ ಅಂದ ತಕ್ಷಣ ಎಲ್ಲರ ಮಾತೂ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ರಾಟೆ), ಸ್ನಾರ್ಕೆಲ್ (ನೀರಲ್ಲಿ ಎಂಜಿನ್‌ಗೆ ಮೇಲಿಂದ ಗಾಳಿ ಕೊಡೋ ಕೊಳವೆ), ಗಾಡಿಯ ತಲೆ ಮೇಲಿನ ಲೈಟುಗಳ ಸುತ್ತಲೇ. ಗಾಡಿಯನ್ನು ನಿಜವಾಗಿ ಮುಂದೆ ಸಾಗಿಸೋದು ಮಾತ್ರ ಟೈರಿನ ಗಾಳಿಯ ಒತ್ತಡ ಅಳೆಯೋ ಪ್ರೆಶರ್ ಗೇಜ್ ಅನ್ನೋ ಸಣ್ಣ ಸಾಮಾನು. ರಸ್ತೆಯಲ್ಲಿ 32–35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರೋ ಟೈರನ್ನು ಮೆತ್ತನೆ ಮರಳಿಗೆ 15–18ಕ್ಕೆ ಇಳಿಸಿದರೆ ನೆಲಕ್ಕೆ ತಾಗೋ ಭಾಗ ಉದ್ದವಾಗಿ ಭಾರ ಹಂಚಿಹೋಗುತ್ತೆ, ಗಾಡಿ ಹೂತುಕೊಳ್ಳೋದು ಕಡಿಮೆ. ಇನ್ನೂ ಇಳಿಸಿ ಸ್ಟೀರಿಂಗ್ ಜೋರಾಗಿ ತಿರುಗಿಸಿದಿರೋ, ಟೈರು ರಿಮ್ ಬಿಟ್ಟು ಕಳಚೀತು. ವಾಪಸ್ ಡಾಂಬರಿಗೆ ಬಂದ ಮೇಲೂ ಗಾಳಿ ತುಂಬದೆ ವೇಗವಾಗಿ ಓಡಿಸಿದರೆ ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಕಾದು ಸಿಡಿಯಬಹುದು. ಹಾಗಾಗಿ ಗಾಳಿ ತುಂಬೋ ಕಂಪ್ರೆಸರ್ ಬೇಕೇ ಬೇಕು. ದೊಡ್ಡದಾದರೆ ಕ್ಲಿಪ್ಪನ್ನು ನೇರ ಬ್ಯಾಟರಿಗೇ ಹಾಕಿ, ಎಂಜಿನ್ ಚಾಲೂ ಇರಲಿ. ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಫ್ಯೂಸ್ ಹೋಗುತ್ತೆ.

ಹೂತ ಗಾಡಿಯನ್ನು ಎಳೆಯೋ ಹಗ್ಗವನ್ನು ಟೋ ಬಾಲ್‌ಗೆ (ಗಾಡಿ ಹಿಂದಿನ ಗುಂಡನೆ ಕೊಂಡಿಗೆ) ಸಿಕ್ಕಿಸಲೇಬೇಡಿ. ಅದು ಇರೋದು ಟ್ರೇಲರ್‌ಗೆ. ಜಗ್ಗಿದ ಹೊಡೆತಕ್ಕೆ ಮುರಿದು ಗುಂಡಿನಂತೆ ಹಾರಿ ಪ್ರಾಣ ತೆಗೆದದ್ದುಂಟು. ಚಾಸಿಗೆ (ಗಾಡಿಯ ಚೌಕಟ್ಟಿಗೆ) ಬೋಲ್ಟ್ ಮಾಡಿದ ರಿಕವರಿ ಪಾಯಿಂಟ್ (ಎಳೆಯೋಕಂತಲೇ ಇರೋ ಕೊಕ್ಕೆ), ಭಾರದ ಮಿತಿ ಅಚ್ಚೊತ್ತಿದ ಶ್ಯಾಕಲ್ (ಹಗ್ಗವನ್ನು ಅದಕ್ಕೆ ಸೇರಿಸೋ ಲೋಹದ ಕೊಂಡಿ), ಇವೆರಡರಲ್ಲಿ ಜಿಪುಣತನ ಬೇಡ. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ಆಮೇಲೆ ಸಲಿಕೆ, ಜಾಕ್ ಕೆಳಗಿಡೋಕೆ ದಪ್ಪ ಹಲಗೆ (ಇಲ್ಲದಿದ್ದರೆ ಗಾಡಿ ಏಳೋ ಬದಲು ಜಾಕೇ ಮರಳಿಗಿಳಿಯುತ್ತೆ), ಪಂಕ್ಚರ್ ಕಿಟ್. ಸೈಡ್‌ವಾಲ್ ಹರಿದರೆ ಕಿಟ್ ಕೆಲಸಕ್ಕೆ ಬಾರದು, ಸ್ಟೆಪ್ನಿಯೇ ಗತಿ. ಅದರಲ್ಲಿ ಗಾಳಿ ಇದೆಯಾ ಅಂತ ಹೊರಡೋ ಮುಂಚೆ ನೋಡೋರು ಎಷ್ಟು ಜನ! ಕುಡಿಯೋ ನೀರು ತಲೆಗೆ ದಿನಕ್ಕೆ 4–5 ಲೀಟರ್, ಜೊತೆಗೆ ಒಂದು ದಿನದ್ದು ಹೆಚ್ಚುವರಿ. ಇಂಧನದ ಲೆಕ್ಕವನ್ನು ರಸ್ತೆಯ ಮೈಲೇಜ್ ಹಿಡಿದು ಹಾಕಬೇಡಿ, ಮರಳಲ್ಲಿ ಅದರ ಒಂದೂವರೆ ಪಟ್ಟು ಕುಡಿಯೋದೂ ಇದೆ.