ನೌಬಾದ್‌ ಬಾವಿಯಿಂದ ಪೆಸಿಫಿಕ್‌ಗೆ 38 ನಿಮಿಷ

ಬೀದರ್‌ ಊರಂಚಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ನೆಲದಡಿ ನೀರು ಹರಿಸಲು ಕೊರೆದ ಈ ಕಾಲುವೆಗೆ ಜನ ಸುರಂಗಬಾವಿ ಅನ್ನುತ್ತಾರೆ. ಅದರ ಗಾಳಿಬಾವಿಯೊಳಗೆ ಬಗ್ಗಿ ನೋಡಿದರೆ ಜಂಬಿಟ್ಟಿಗೆಯ ಕೆಂಪು ಗೋಡೆ, ಮೈತುಂಬ ಜೇನುಹುಟ್ಟಿನಂಥ ತೂತು. ಇಂಥದ್ದೊಂದು ಬಾವಿ ಎಲ್ಲೂ ನಿಲ್ಲದೆ ಭೂಮಿಯ ಆಚೆ ಬದಿಗೆ ಹೊರಟಿತು ಅಂದುಕೊಳ್ಳಿ. ಪಯಣ ಇಲ್ಲಿಂದಲೇ ಶುರು.

ತಲುಪುವ ಜಾಗದಲ್ಲಿ ಊರಿಲ್ಲ. ಬೀದರ್‌ 17.9 ಡಿಗ್ರಿ ಉತ್ತರ, 77.5 ಡಿಗ್ರಿ ಪೂರ್ವದಲ್ಲಿದೆ. ಅದರ ನೇರ ಎದುರು, ಅಂದರೆ 17.9 ದಕ್ಷಿಣ, 102.5 ಪಶ್ಚಿಮದಲ್ಲಿ ಇರುವುದು ಪೆಸಿಫಿಕ್ ಸಾಗರ. ಈಸ್ಟರ್ ದ್ವೀಪಕ್ಕೆ ಅಲ್ಲಿಂದ ಸಾವಿರ ಕಿ.ಮೀ.ಗೂ ಹೆಚ್ಚು. ಕೊಳವೆಯನ್ನು ನೀರಿನ ಮೇಲಕ್ಕೂ ಎಬ್ಬಿಸದಿದ್ದರೆ ಸಮುದ್ರವೇ ಒಳಗೆ ನುಗ್ಗುತ್ತದೆ.

ಕೊರೆಯುವುದು ಎಷ್ಟು ಕಷ್ಟವೆಂದರೆ, ರಷ್ಯಾದ ಕೋಲಾದಲ್ಲಿ ಬಾವಿ ಮುಟ್ಟಿದ್ದು 12,262 ಮೀಟರ್ ಮಾತ್ರ. ಅಲ್ಲೇ 180 ಡಿಗ್ರಿ ಕಾವು. ಭೂಮಿಯ ಕೇಂದ್ರ 6,371 ಕಿ.ಮೀ. ಕೆಳಗಿದೆ, ಕಾವು 5,000 ಡಿಗ್ರಿ ದಾಟುತ್ತದೆ. ಗೋಡೆ ಇದನ್ನೆಲ್ಲ ತಡೆಯಿತು ಎಂದೇ ಮುಂದಿನ ಲೆಕ್ಕ.

ಮೊದಲ ತೊಡಕು ಗಾಳಿ. ಕೊಳವೆಯಲ್ಲಿ ಗಾಳಿ ಉಳಿದಿದ್ದರೆ ಬೀಳುವ ವೇಗ ಗಂಟೆಗೆ 200 ಕಿ.ಮೀ. ಆಸುಪಾಸಿಗೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತ ಹೋಗುತ್ತದೆ. ಪ್ರತಿ ಐದಾರು ಕಿ.ಮೀ.ಗೆ ಗಾಳಿಯ ಸಾಂದ್ರತೆ ದುಪ್ಪಟ್ಟಾಗುವುದೇ ಕಾರಣ. ಕಾವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 50–60 ಕಿ.ಮೀ. ಆಳದಲ್ಲಿ ಗಾಳಿ ನೀರಿನಷ್ಟೇ ದಟ್ಟ; ದೇಹ ಅಲ್ಲಿ ತೇಲಬೇಕು, ಆದರೆ ಅದಕ್ಕೂ ಮೊದಲೇ ಒತ್ತಡಕ್ಕೆ ನಜ್ಜುಗುಜ್ಜಾಗಿರುತ್ತದೆ. ಹಾಗಾಗಿ ಗಾಳಿ ಪೂರ್ತಿ ತೆಗೆಯಲೇಬೇಕು.

ಎರಡನೆಯದು ಭೂಮಿಯ ತಿರುಗಾಟ. ಇದನ್ನೇ ಹೆಚ್ಚಿನವರು ಮರೆಯುವುದು. ಬೀದರ್‌ನ ನೆಲ ಸೆಕೆಂಡಿಗೆ ಸುಮಾರು 440 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ, ಕೇಂದ್ರದಲ್ಲಿ ಆ ಓಟ ಸೊನ್ನೆ. ಮೇಲಿನ ಓಟವನ್ನು ಹೊತ್ತುಕೊಂಡೇ ಇಳಿಯುವವರು ಪೂರ್ವದ ಗೋಡೆಗೆ ಸರಿಯುತ್ತಾರೆ. 15 ಮೀಟರ್ ಆಳದ ಬಾವಿಗೆ ಕಲ್ಲು ಬಿಟ್ಟರೆ ಈ ಸರಿತ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಐದು ಮೀಟರ್ ಅಗಲದ ಕೊಳವೆಯ ನಟ್ಟನಡುವೆ ಬಿದ್ದವರಿಗೂ 22 ಸೆಕೆಂಡಿನಲ್ಲಿ, ಎರಡೂವರೆ ಕಿ.ಮೀ. ಇಳಿಯುವಷ್ಟರಲ್ಲಿ, ಗೋಡೆ ತಾಗುತ್ತದೆ. ಅಲ್ಲಿ ಮೈ ಉಜ್ಜದಂತೆ ಆಯಸ್ಕಾಂತದ ಹಳಿ ಬೇಕು. ಕೇಂದ್ರದ ಹತ್ತಿರ 60 ಕೆ.ಜಿ.ಯವರು ಆ ಹಳಿಯನ್ನು ಸುಮಾರು 8 ಕೆ.ಜಿ. ಭಾರದಷ್ಟು ಒತ್ತುತ್ತಾರೆ. ಕೊನೆಯವರೆಗೂ ಅದೇ ಗೋಡೆ. ಆಚೆ ತುದಿಯಲ್ಲಿ ಮಾತ್ರ ಅದು ಪಶ್ಚಿಮದ ಗೋಡೆ. ಧ್ರುವದಿಂದ ಧ್ರುವಕ್ಕೆ ಕೊರೆದರೆ ಈ ತಾಪತ್ರಯವಿಲ್ಲ.

ಇನ್ನು ಹೊತ್ತು. ಭೂಮಿ ಎಲ್ಲೆಡೆ ಒಂದೇ ಸಾಂದ್ರತೆಯದ್ದು ಎಂದು ಹಿಡಿದರೆ 42 ನಿಮಿಷ. ನಿಜದಲ್ಲಿ ಒಳಗಿನ ಕಬ್ಬಿಣದ ತಿರುಳು ಹೊರಪದರಗಳಿಗಿಂತ ಬಹಳ ದಟ್ಟ. ಹೀಗಾಗಿ 2,890 ಕಿ.ಮೀ.ವರೆಗೂ ಗುರುತ್ವ ಇಳಿಯುವುದೇ ಇಲ್ಲ, ತಿರುಳಿನ ಅಂಚಿನಲ್ಲಿ ಮೇಲಿಗಿಂತ ತುಸು ಜಾಸ್ತಿಯೇ. ಭೌತವಿಜ್ಞಾನಿ ಅಲೆಕ್ಸಾಂಡರ್ ಕ್ಲಾಟ್ಜ್ 2015ರಲ್ಲಿ ಇದನ್ನು ಲೆಕ್ಕಕ್ಕೆ ತಂದಾಗ ಸಿಕ್ಕಿದ್ದು 38 ನಿಮಿಷ 11 ಸೆಕೆಂಡು. ಹದಿಮೂರು ನಿಮಿಷದೊಳಗೆ ತಿರುಳು, ಹತ್ತೊಂಬತ್ತಕ್ಕೆ ಕೇಂದ್ರ. ಅಲ್ಲಿ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 10 ಕಿ.ಮೀ., ಆದರೂ ಹಳಿಯ ಆ ಒತ್ತು ಬಿಟ್ಟರೆ ಮೈಗೆ ಭಾರವೇ ತಿಳಿಯದು.

ಹಾರುವಾಗ ತಲೆ ಕೆಳಗಿರಲಿ. ಕಾಲು ಮುಂದಾಗಿ ಇಳಿದವರು ಆಚೆ ಕಡೆ ಕಾಲು ಮೇಲಾಗಿಯೇ ಹೊರಬರುತ್ತಾರೆ.

ಬೀದರ್‌ ಸಮುದ್ರಮಟ್ಟಕ್ಕಿಂತ ಸುಮಾರು 660 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಬಿದ್ದವರು ಆಚೆ ನೀರಿನ ಮಟ್ಟ ದಾಟುವಾಗ ಇನ್ನೂ ಗಂಟೆಗೆ 400 ಕಿ.ಮೀ. ವೇಗದಲ್ಲಿರುತ್ತಾರೆ, ಅಷ್ಟೇ ಎತ್ತರಕ್ಕೆ ಏರಿ ಒಂದು ಗಳಿಗೆ ನಿಲ್ಲುತ್ತಾರೆ. ಕೈಗೆ ಹಿಡಿ ಸಿಗಬೇಕಾದದ್ದು ಆ ಗಳಿಗೆಯಲ್ಲಿ. ತಪ್ಪಿದರೆ ಮತ್ತೆ 38 ನಿಮಿಷ ಹಿಂದಕ್ಕೆ. ಹಾಗಾಗಿ ಸಮುದ್ರದ ಮೇಲೂ 660 ಮೀಟರ್ ಕೊಳವೆ ಕಟ್ಟಿ, ಹಿಡಿಯನ್ನು ಅದರ ತುದಿಯಲ್ಲೇ ಇಡಬೇಕು. ವಾಪಸ್ ಬರುವವರು ನೀರಿನ ಮಟ್ಟದಿಂದ ಹೊರಟರೆ ನೌಬಾದ್‌ನ ಬಾಯಿ ಮುಟ್ಟುವುದಿಲ್ಲ, 660 ಮೀಟರ್ ಕೆಳಗೇ ನಿಂತುಬಿಡುತ್ತಾರೆ. ಅವರಿಗಾಗಿ ಮೇಲೆ ರಾಟೆ ಹೂಡಿ, ಅಷ್ಟುದ್ದದ ಹಗ್ಗ ಮೊದಲೇ ಇಳಿಬಿಟ್ಟಿರಬೇಕು.