ಜರ್ಮನಿಗೆ ಹತ್ತು ದಿನದ ಕೆಲಸದ ಮೇಲೆ

ಕಳೆದ ಸಲ ಹ್ಯಾನೋವರ್‌ನ ಕೈಗಾರಿಕಾ ಮೇಳಕ್ಕೆ ಹೊರಟಾಗ ನನ್ನನ್ನು ಸತಾಯಿಸಿದ್ದು ಆಹ್ವಾನ ಪತ್ರ. ಭೇಟಿಯ ಉದ್ದೇಶ, ದಿನಾಂಕಗಳೆಲ್ಲ ಸರಿಯಾಗಿದ್ದರೂ, ವಸತಿ ಮತ್ತು ಪ್ರಯಾಣದ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಒಂದು ವಾಕ್ಯ ಅದರಲ್ಲಿ ಇರಲಿಲ್ಲವಾದ್ದರಿಂದ, ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಿಂದ ಬರಿಗೈಯಲ್ಲಿ ಮರಳಿ ಹೊಸ ಪತ್ರ ತರಿಸಿಕೊಳ್ಳಬೇಕಾಯಿತು.

ಉಳಿದದ್ದು ಅಷ್ಟು ಕಷ್ಟವಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಪಡೆದದ್ದಾಗಿದ್ದು, ಷೆಂಗೆನ್ ಪ್ರದೇಶದಿಂದ (ಜರ್ಮನಿ, ಫ್ರಾನ್ಸ್ ಸೇರಿದಂತೆ ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳಿಂದ) ಹೊರಡುವ ದಿನದ ನಂತರವೂ ಮೂರು ತಿಂಗಳು ಊರ್ಜಿತವಾಗಿರಬೇಕು. ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಒಳಗೊಂಡಿರಬೇಕು. 2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೋ. ಅರ್ಜಿಯನ್ನು ಆರು ತಿಂಗಳು ಮುಂಚಿತವಾಗಿಯೇ ಸಲ್ಲಿಸಬಹುದಾದರೂ ನಮ್ಮ ಕಚೇರಿಗಳಲ್ಲಿ ಪ್ರವಾಸ ನಿಶ್ಚಯವಾಗುವುದೇ ಕೊನೆಯ ಗಳಿಗೆಯಲ್ಲಿ!

ಅನುಭವಿಗಳೂ ಎಡವುವುದು ದಿನಗಳ ಲೆಕ್ಕದಲ್ಲಿ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಅಲ್ಲಿ ತಂಗಬಹುದು ಎಂಬ ಮಿತಿ ಜನವರಿಗೆ ಹೊಸದಾಗಿ ಆರಂಭವಾಗುವುದಿಲ್ಲ. ಅಲ್ಲಿರುವ ಪ್ರತಿ ದಿನದಿಂದಲೂ ಹಿಂದಿನ 180 ದಿನಗಳನ್ನು ಎಣಿಸಬೇಕು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಪ್ಯಾರಿಸ್‌ನಲ್ಲಿ ಕಳೆದ ವಾರಾಂತ್ಯವೂ ಸೇರುತ್ತದೆ. ನಾನು ಡೈರಿಯ ಕೊನೆಯ ಪುಟದಲ್ಲಿ ಈ ದಿನಗಳನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.