ಕೆಡಿಸಿ ನೋಡಬಹುದಾದ ಶ್ವಾಸಕೋಶ

ನಾನು ಮುಂಬೈ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದರಿಂದ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ದೇಹದ ಪಾಠ ಬಂತು ಅಂದರೆ ಮಕ್ಕಳಿಗಿಂತ ಅಪ್ಪ ಅಮ್ಮನಿಗೆ ಕೆಲಸ ಜಾಸ್ತಿ. ಸ್ಟೇಷನ್ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಹೇಳಿಟ್ಟರೆ ಬಣ್ಣ ಬಳಿದ ಹೃದಯ, ಹೆಸರಿನ ಬಾವುಟ ಚುಚ್ಚಿದ ಕಿಡ್ನಿ ಎಲ್ಲಾ ರೆಡಿ. 2018ರಲ್ಲಿ ಮಹಾರಾಷ್ಟ್ರದಲ್ಲಿ ಥರ್ಮಾಕೋಲ್ ಮೇಲೆ ನಿಷೇಧ ಬಂದ ಮೇಲೆ ಫೋಮ್ ಶೀಟ್ ಬಂದಿದೆ, ಅಷ್ಟೇ ವ್ಯತ್ಯಾಸ. ಪ್ರದರ್ಶನದ ದಿನ ಅತಿಥಿಗಳು "ವಾ, ಚೆನ್ನಾಗಿದೆ" ಅನ್ನುತ್ತಾರೆ. ಮರುದಿನದಿಂದ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತದೆ.

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಪರೀಕ್ಷೆ ಒಂದೇ. ಈ ಮಾದರಿಯನ್ನು ಮಗು ಬೇಕಂತಲೇ ಕೆಡಿಸಿದರೆ ಹೊಸದೇನಾದರೂ ಗೊತ್ತಾಗುತ್ತದಾ? ಗೊತ್ತಾಗುತ್ತದೆ ಅಂದರೆ ಮಾಡಿಸುತ್ತೇನೆ. ಇಲ್ಲ ಅಂದರೆ ಚಿತ್ರ ಬರೆಸಿದರೆ ಸಾಕು, ಸುಮ್ನೆ ಫೆವಿಕಾಲ್ ಯಾಕೆ ಖರ್ಚು ಮಾಡೋದು?

ಬಾಟಲಿ ಶ್ವಾಸಕೋಶ ನಿಮಗೆಲ್ಲ ಗೊತ್ತಿರುವುದೇ. ಕೂಲ್ ಡ್ರಿಂಕ್ ಬಾಟಲಿಯ ತಳ ಕತ್ತರಿಸಿ ಅಲ್ಲಿಗೆ ದೊಡ್ಡ ಬಲೂನಿನ ಅರ್ಧ ಎಳೆದು ಕಟ್ಟುವುದು, ಮುಚ್ಚಳದಲ್ಲಿ ತೂತು ಮಾಡಿ ಖಾಲಿ ಪೆನ್ನಿನ ಕೊಳವೆ ತೂರಿಸುವುದು, ಒಳಗಿನ ತುದಿಗೆ ಸಣ್ಣ ಬಲೂನು. ಕತ್ತರಿಸುವ ಕೆಲಸ ನನ್ನದು, ಚೂಪು ಅಂಚಿಗೆ ಟೇಪ್ ಸುತ್ತುವುದು ಮಕ್ಕಳದು. ನೀರಿನ ತೆಳು ಬಾಟಲಿ ಬೇಡ. ಕೆಳಗಿನ ಬಲೂನು ಎಳೆದ ತಕ್ಷಣ ಬಾಟಲಿಯೇ ಒಳಗೆ ಕುಸಿಯುತ್ತದೆ, ಬಲೂನು ಉಬ್ಬುವುದಿಲ್ಲ. ಸೋಡಾ ತುಂಬುವ ಗಟ್ಟಿ ಬಾಟಲಿಯೇ ಆಗಬೇಕು.

ಕೆಳಗಿನ ಬಲೂನು, ಅಂದರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಮಾಂಸದ ಪರದೆ), ಎಳೆದರೆ ಒಳಗೆ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಕೊಳವೆಯಿಂದ ನುಗ್ಗಿ ಸಣ್ಣ ಬಲೂನು ಉಬ್ಬುತ್ತದೆ. ಇಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ನನ್ನ ಕ್ಲಾಸಿನಲ್ಲಿ ಅಸಲಿ ಪಾಠ ಶುರುವಾಗುವುದೇ ಇಲ್ಲಿಂದ. ಒಂದು ಗುಂಡುಪಿನ್ ಕೊಟ್ಟು "ಬಾಟಲಿಗೆ ಪಕ್ಕದಲ್ಲಿ ಚುಚ್ಚಿ" ಅನ್ನುತ್ತೇನೆ. ಮಕ್ಕಳಿಗೆ ಮನಸ್ಸೇ ಬರುವುದಿಲ್ಲ, ಕಷ್ಟಪಟ್ಟು ಮಾಡಿದ್ದಲ್ವಾ! ಚುಚ್ಚಿ, ತೂತು ಸ್ವಲ್ಪ ದೊಡ್ಡದು ಮಾಡಿ ಎಳೆದರೆ ಗಾಳಿ ತೂತಿನಿಂದಲೇ ಒಳಗೆ ಬರುತ್ತದೆ, ಸಣ್ಣ ಬಲೂನು ಜೋತುಬಿದ್ದು ಹಾಗೇ ಇರುತ್ತದೆ. ಬಲೂನಿಗೆ ಏನೂ ಆಗಿಲ್ಲ, ಗೋಡೆಗೆ ಪೆಟ್ಟಾಗಿದೆ, ಆದರೂ ಉಸಿರಿಲ್ಲ. ಅಪಘಾತದಲ್ಲಿ ಎದೆಗೆ ಚುಚ್ಚಿದ ಗಾಯವಾದರೆ ಶ್ವಾಸಕೋಶ ಯಾಕೆ ಕುಗ್ಗುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ತೂತಿಗೆ ಟೇಪ್ ಹಚ್ಚಿದರೆ ಮತ್ತೆ ಕೆಲಸ ಮಾಡುತ್ತದೆ. ಆಮೇಲೆ ಪೆನ್ನಿನ ಕೊಳವೆಯ ಬಾಯಿಯನ್ನು ಬೆರಳಿಂದ ಮುಕ್ಕಾಲು ಮುಚ್ಚಿಸುತ್ತೇನೆ. ಬಲೂನು ಉಬ್ಬುತ್ತದೆ, ಆದರೆ ನಿಧಾನಕ್ಕೆ. ಕ್ಲಾಸಿನಲ್ಲಿ ಇನ್ಹೇಲರ್ ಇಟ್ಟುಕೊಂಡಿರುವ ಹುಡುಗನೊಬ್ಬ ಇದನ್ನು ನೋಡಿ, "ಟೀಚರ್, ನನಗೆ ಹೀಗೇ ಆಗೋದು, ಬಿಡೋವಾಗ ಇನ್ನೂ ಕಷ್ಟ" ಅಂದ. ಅವತ್ತಿನಿಂದ ಓಟದ ಪಂದ್ಯದಲ್ಲಿ ಅವನನ್ನು ಯಾರೂ ರೇಗಿಸಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ರೇಗಿಸುತ್ತಾರೆ. ಸ್ವಲ್ಪ ಕಮ್ಮಿ.

ಇನ್ನೊಂದು ರೂಢಿ ಇದೆ ನಮ್ಮಲ್ಲಿ. ಪ್ರತಿ ಮಾದರಿಗೂ ಒಂದು ಚೀಟಿ ಅಂಟಿಸಬೇಕು, ಇದು ಎಲ್ಲೆಲ್ಲಿ ಸುಳ್ಳು ಹೇಳುತ್ತಿದೆ ಅಂತ. ಬಾಟಲಿಯ ಚೀಟಿ ಉದ್ದ. ನಿಜವಾದ ಶ್ವಾಸಕೋಶ ಖಾಲಿ ಚೀಲ ಅಲ್ಲ, ಒಳಗೆಲ್ಲ ಸಣ್ಣ ಸಣ್ಣ ಗಾಳಿಗೂಡುಗಳು. ಬಲೂನಿಗೂ ಬಾಟಲಿಗೂ ನಡುವೆ ಇಷ್ಟು ಖಾಲಿ ಜಾಗ ಇದೆ, ನಮ್ಮ ಎದೆಯಲ್ಲಿ ಅಲ್ಲಿರುವುದು ತೆಳು ದ್ರವದ ಪದರ ಮಾತ್ರ. ಬಾಟಲಿ ಅಲುಗುವುದಿಲ್ಲ, ಪಕ್ಕೆಲುಬು ಅಲುಗುತ್ತದೆ. ವಪೆ ಗುಮ್ಮಟದ ಹಾಗೆ ಮೇಲಕ್ಕೆ ಉಬ್ಬಿರುತ್ತದೆ, ಉಸಿರು ಎಳೆದುಕೊಂಡಾಗ ಚಪ್ಪಟೆಯಾಗುತ್ತದೆ, ಬಲೂನಿನ ಹಾಗೆ ಕೆಳಕ್ಕೆ ಜಗ್ಗುವುದಿಲ್ಲ. ಈ ಚೀಟಿ ಬರೆಯುವಾಗ ಮಕ್ಕಳು ಪುಸ್ತಕ ತೆಗೆದು ನೋಡುತ್ತಾರೆ, ನಾನು ಹೇಳದೇ!

ಕೈಯ ಮಾದರಿ ನನಗೆ ಅಷ್ಟೇ ಇಷ್ಟ. ರಟ್ಟಿನ ಮೇಲೆ ಕೈ ಇಟ್ಟು ಸುತ್ತ ಗೆರೆ ಎಳೆದು, ಮೊಣಕೈವರೆಗೂ ಸೇರಿಸಿ ಕತ್ತರಿಸಬೇಕು. ಗೆಣ್ಣು ಬರುವ ಕಡೆ ಮಡಿಸಬೇಕು. ಹೆಬ್ಬೆರಳಿಗೆ ಎರಡು ಮೂಳೆ, ಉಳಿದವಕ್ಕೆ ಮೂರು ಮೂರು, ಒಟ್ಟು 14. ಒಂದೊಂದು ಮೂಳೆಗೂ ಒಂದೊಂದು ಸ್ಟ್ರಾ ತುಂಡು ಅಂಟಿಸಿ, ಬೆರಳ ತುದಿಗೆ ದಾರ ಕಟ್ಟಿ, ತುಂಡುಗಳ ಒಳಗಿಂದ ತಂದು ಮೊಣಕೈ ಹತ್ತಿರ ಬಿಡಬೇಕು. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈನಿಂದ ನಿಷೇಧ, ಕಾಗದದ ಸ್ಟ್ರಾ ಬೆವರು ಕೈಗೆ ಮೆತ್ತಗಾಗುತ್ತದೆ. ಪೆನ್ನಿನ ಖಾಲಿ ರೀಫಿಲ್ ಕತ್ತರಿಸಿದರೆ ಸರಿಹೋಗುತ್ತದೆ. ಶಾಲೆ ಹಿಂದಿನ ಪಪ್ಪಾಯಿ ಗಿಡದ ಎಲೆದಂಟು ತರುವ ಮಕ್ಕಳೂ ಇದ್ದಾರೆ. ಚೆನ್ನಾಗಿಯೇ ಆಗುತ್ತದೆ, ಆದರೆ ಒಣಗಿ ಮುದುಡಿಕೊಳ್ಳುತ್ತದೆ.

ದಾರ ಎಳೆದರೆ ಬೆರಳು ಮಡಿಯುತ್ತದೆ. ಬಿಟ್ಟರೆ? ಹೊಸ ರಟ್ಟು ಮೊದಮೊದಲು ತಾನೇ ಬಿಚ್ಚಿಕೊಳ್ಳುತ್ತದೆ, ಮಡಿಸಿ ಮಡಿಸಿ ಸಡಿಲವಾದ ಮೇಲೆ ಮಡಿದಲ್ಲೇ ನಿಂತುಬಿಡುತ್ತದೆ. ಮಕ್ಕಳು ದಾರವನ್ನು ಹಿಂದಕ್ಕೆ ತಳ್ಳಲು ನೋಡುತ್ತಾರೆ. ದಾರ ತಳ್ಳೋಕಾಗುತ್ತಾ? ಸುಮ್ಮನೆ ಕಾಯುತ್ತೇನೆ. ಯಾರೋ ಒಬ್ಬರಿಗೆ ಹೊಳೆಯುತ್ತದೆ, ಕೈಯ ಹಿಂಬದಿಗೂ ಇನ್ನೊಂದು ದಾರ ಬೇಕು ಅಂತ. ಮಾಂಸಖಂಡಕ್ಕೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ, ಅದಕ್ಕೇ ಅವು ಜೋಡಿ ಜೋಡಿಯಾಗಿ ಇರುವುದು. ಆಮೇಲೆ ಎಡಗೈಯಿಂದ ತಮ್ಮದೇ ಬಲ ಮುಂಗೈಯನ್ನು ಹಿಡಿದು, ಬಲಗೈ ಬೆರಳು ಪಿಯಾನೋ ನುಡಿಸುವಂತೆ ಆಡಿಸಲು ಹೇಳುತ್ತೇನೆ. ನೀವೂ ಈಗಲೇ ಮಾಡಿ ನೋಡಿ. ಬೆರಳು ಆಡುತ್ತಿದೆ, ಮಿಸುಕಾಡುತ್ತಿರುವುದು ಮೊಣಕೈ ಹತ್ತಿರದ ಮಾಂಸ. ಬೆರಳನ್ನು ಜೋರಾಗಿ ಮಡಿಸಿ ಬಿಚ್ಚುವ ದೊಡ್ಡ ಮಾಂಸಖಂಡಗಳೆಲ್ಲ ಅಲ್ಲಿವೆ, ಬೆರಳಿಗೆ ಬರುವುದು ಬರೀ ಅವುಗಳ ಹಗ್ಗ.

ಜೀರ್ಣಾಂಗಕ್ಕೆ ನೌವಾರಿ ಸೀರೆ. ನಮ್ಮ ಪಕ್ಕದ ಮನೆ ಆಜಿ ಕೊಟ್ಟ ಹಳೆಯದು. ಒಂಬತ್ತು ಗಜ, ಅಂದರೆ 8 ಮೀಟರಿಗಿಂತ ಸ್ವಲ್ಪ ಜಾಸ್ತಿ. ಪಠ್ಯದ ಲೆಕ್ಕದಲ್ಲಿ ಬಾಯಿಯಿಂದ ಗುದದವರೆಗೆ ಸುಮಾರು 9 ಮೀಟರ್. ಕಾರಿಡಾರಿನಲ್ಲಿ ಹಾಸಿದರೆ ಎರಡು ಕ್ಲಾಸ್ ದಾಟುತ್ತದೆ. ಆಮೇಲೆ ಒಬ್ಬ ಹುಡುಗನನ್ನು ಪೇಪರ್ ಮೇಲೆ ಮಲಗಿಸಿ ಗೆರೆ ಎಳೆದು, "ಈ ಹೊಟ್ಟೆಯೊಳಗೆ ಇಷ್ಟೂ ಹಿಡಿಸಿ" ಅಂದರೆ ಅರ್ಧ ಗಂಟೆ ಗಲಾಟೆ. ಪಕ್ಕದ ಕ್ಲಾಸಿನ ಟೀಚರ್ ಬಂದು ಬೈದು ಹೋಗುತ್ತಾರೆ.

ಎದೆಬಡಿತಕ್ಕೆ ಖರ್ಚೇ ಇಲ್ಲ. ಪೇಪರ್ ಸುರುಳಿ ಸುತ್ತಿ ಗೆಳೆಯನ ಎದೆಗಿಟ್ಟು ಕೇಳಿ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾಯೆನೆಕ್, ಹೆಣ್ಣು ರೋಗಿಯೊಬ್ಬಳ ಎದೆಗೆ ನೇರ ಕಿವಿ ಇಡಲು ಸಂಕೋಚಪಟ್ಟು ಮಾಡಿದ್ದು ಇಷ್ಟೇ, ಸ್ಟೆತಸ್ಕೋಪ್ ಶುರುವಾಗಿದ್ದು ಅಲ್ಲಿಂದ. ಸ್ವಲ್ಪ ಆಟದ ಜೇಡಿಮಣ್ಣಿಗೆ ಬೆಂಕಿಕಡ್ಡಿ ಸಿಕ್ಕಿಸಿ ಮಣಿಕಟ್ಟಿನ ನಾಡಿ ಮೇಲೆ ಕೂರಿಸಿದರೆ ಕಡ್ಡಿ ತಲೆಯಾಡಿಸುತ್ತದೆ.

ಮುಂಬೈಯವರಿಗೆ ಒಂದು ಕಿವಿಮಾತು. ಜುಲೈಯಲ್ಲಿ ಅಂಟಿಸುವ ಕೆಲಸ ಇಟ್ಟುಕೊಳ್ಳಬೇಡಿ. ಫೆವಿಕಾಲ್ ಒಣಗುವುದಿಲ್ಲ, ಟೇಪ್ ಬಿಟ್ಟುಕೊಳ್ಳುತ್ತದೆ, ರಟ್ಟು ಹಪ್ಪಳದ ಹಾಗೆ ತೇವ ಹಿಡಿದು ಮೆತ್ತಗಾಗುತ್ತದೆ. ಮಳೆಗಾಲಕ್ಕೆ ದಾರ, ಸ್ಟೇಪ್ಲರ್, ರಬ್ಬರ್ ಬ್ಯಾಂಡ್. ಹೊಸ ಐಡಿಯಾ ಬೇಕಾದರೆ, ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅರವಿಂದ ಗುಪ್ತಾ ಕಸದಿಂದ ಮಾಡುವ ಆಟಿಕೆಗಳನ್ನು ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ.

ಕಿಡ್ನಿಗೆ ಮಾತ್ರ ನನಗೆ ಒಪ್ಪುವ ಮಾದರಿ ಇನ್ನೂ ಸಿಕ್ಕಿಲ್ಲ. ಎಲ್ಲರೂ ಚಹಾ ಸೋಸುವ ಜಾಲರಿ ತೋರಿಸುತ್ತಾರೆ. ಆದರೆ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಬಹುಪಾಲು ವಾಪಸ್ ರಕ್ತಕ್ಕೇ ಹಾಕಿ, ಒಂದೂವರೆ ಲೀಟರ್ ಆಸುಪಾಸು ಮಾತ್ರ ಹೊರಗೆ ಕಳಿಸುತ್ತದೆ. ಆ ವಾಪಸ್ ಎಳೆದುಕೊಳ್ಳುವುದನ್ನು ಜಾಲರಿ ತೋರಿಸುವುದಿಲ್ಲ. ಸ್ಪಂಜು, ಬತ್ತಿ ಎಲ್ಲ ನೋಡಿದೆ, ನೀರು ಹೀರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳುವುದಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿಸಿದ್ದರೆ ಹೇಳಿ, ದೀಪಾವಳಿ ರಜೆ ಮುಗಿದ ಮೇಲೆ ಏಳನೇ ಕ್ಲಾಸಿಗೆ ಆ ಪಾಠ ಇದೆ.